ಅಕ್ಕ ಅನ್ನದವನು

ಅವಳು ಕಾಲೇಜಿಗೆ ಕಾಲಿಟ್ಟ ಮೊದಲ ದಿನವೇ ಇಡೀ ತರಗತಿ ಎದ್ದು ನಿಂತಿತು.

ತಪ್ಪು ಅವಳದಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿದ್ದ ಹುಡುಗನೊಬ್ಬ ಅವಳನ್ನು ಕಂಡವನೇ ಧಡಕ್ಕನೆ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಅಂದ. ಅವನನ್ನು ನೋಡಿ ಪಕ್ಕದವನು ಎದ್ದ, ಪಕ್ಕದವನನ್ನು ನೋಡಿ ಹಿಂದಿನವರೆಲ್ಲ ಎದ್ದರು. ಎತ್ತಿ ಕಟ್ಟಿದ ಕೂದಲು, ಹೆಗಲಿಗೊಂದು ದೊಡ್ಡ ಚರ್ಮದ ಬ್ಯಾಗು, ಅಲ್ಲಿದ್ದವರಿಗಿಂತ ಮೂರು ವರ್ಷ ಹೆಚ್ಚಿನ ಮುಖ. ಏನು ಮಾಡಬೇಕೆಂದು ತೋಚದೆ ಅವಳು "ಕೂತ್ಕೊಳ್ಳಿ" ಅಂದುಬಿಟ್ಟಳು. ಎಲ್ಲರೂ ಕೂತರು. ಆಮೇಲೆ ಅವಳೂ ಮೆಲ್ಲಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ನಿಜವಾದ ಮೇಡಂ ಬರುವ ಹೊತ್ತಿಗೆ ತರಗತಿ ನಕ್ಕು ನಕ್ಕು ಸುಸ್ತಾಗಿತ್ತು. ಆ ಹುಡುಗ ಮಾತ್ರ ನಗಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಹಿಂದಕ್ಕೆ ತಿರುಗಿ ಅವಳನ್ನು ಸರಿಯಾಗಿ ಒಮ್ಮೆ ನೋಡಿದ. ಮೇಡಂ ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದರೂ ಹಾಗೇ ತಿರುಗಿಕೊಂಡಿದ್ದ. ಸಿಟ್ಟಿರಬೇಕು ಅಂದುಕೊಂಡಳು ಅವಳು.

ಬಹಳ ಚಿಕ್ಕ ಕಾಲೇಜು. ಒಂದು ಕೆಂಪು ಕಟ್ಟಡ, ಒಂದು ಲೈಬ್ರರಿ, ಹಿಂದೆ ಎರಡು ಹಾಸ್ಟೆಲ್ಲು, ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಒಂದು ದೊಡ್ಡ ಹಾಲ್. ಭೌತಶಾಸ್ತ್ರ ಓದುವವನು ಕವಿತೆಯನ್ನೂ ಓದಬೇಕು, ಕವಿತೆ ಓದುವವಳು ಒಂದಷ್ಟು ಲೆಕ್ಕವನ್ನೂ ಕಲಿಯಬೇಕು. ಇಲ್ಲಿ ಯಾರಾದರೂ ಸೀನಿದರೆ ಮೂರು ಕೋಣೆಯಾಚೆಗೂ ಗೊತ್ತಾಗುತ್ತದೆ. ಇಂಥ ಕಡೆ ಅಡ್ಡಹೆಸರು ಬರುವುದಕ್ಕೆ ಒಂದು ದಿನ ಬೇಕಿಲ್ಲ. ಮೇಡಂ ಅಂತ ಶುರುವಾಗಿದ್ದು ಸಂಜೆಗೆ 'ಅಕ್ಕ' ಆಯಿತು. ಆಮೇಲೆ ಅಡುಗೆಮನೆಯವರಿಗೂ ಅಕ್ಕ, ಆಫೀಸಿನವರಿಗೂ ಅಕ್ಕ. ತಲೆ ಪೂರ್ತಿ ನರೆತ ಲೈಬ್ರರಿಯವರೂ ಒಂದು ದಿನ "ಅಕ್ಕಾ, ಪುಸ್ತಕ ವಾಪಸ್ ಕೊಡಮ್ಮ" ಅಂದಾಗ ಅವಳು ಕೈಚೆಲ್ಲಿದಳು.

ಬೇಜಾರು ಅಂತ ಹೇಳುವಂತಿರಲಿಲ್ಲ. ಯಾರ ಗುಂಡಿ ಕಿತ್ತರೂ ಅಕ್ಕ ಬೇಕು, ಯಾರ ಮನಸ್ಸು ಮುರಿದರೂ ಅಕ್ಕ ಬೇಕು. ಆದರೆ ಸಂಜೆ ಜೋಡಿ ಜೋಡಿಯಾಗಿ ಎಲ್ಲರೂ ಗೇಟಿನಾಚೆ ಹೊರಟಾಗ ಅಕ್ಕನನ್ನು ಕರೆಯುವುದು ಯಾರಿಗೂ ಹೊಳೆಯುತ್ತಿರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಹಾಗೆ.

ಇನ್ನು ಲೆಕ್ಕದ ವಿಷಯ. ಮೊದಲ ದಿನ ಎದ್ದು ನಿಂತ ಆ ಹುಡುಗ ಗಣಿತದವನು, ಅವನ ಅಡ್ಡಹೆಸರೇ 'ಲೆಕ್ಕ'. ಅಕ್ಕ, ಲೆಕ್ಕ ಅಂತ ಪ್ರಾಸ ಕಟ್ಟಿ ಹುಡುಗರು ಒಂದಷ್ಟು ದಿನ ಆಡಿಕೊಂಡರು. ಬೇರೆ ಹೊಸ ತಮಾಷೆ ಸಿಕ್ಕಿದ ಮೇಲೆ ಬಿಟ್ಟರು. ಬಿಡದೆ ಇದ್ದದ್ದು ಅವಳೊಬ್ಬಳೇ. ಯಾಕೆಂದರೆ ಅವಳು ಒಂದು ವಿಷಯ ಗಮನಿಸಿದ್ದಳು. ಇಡೀ ಕಾಲೇಜಿನಲ್ಲಿ ಅವಳನ್ನು ಅಕ್ಕ ಅನ್ನದವನು ಅವನೊಬ್ಬನೇ.

ಹಾಗಂತ ಬೇರೇನಾದರೂ ಅಂತಿದ್ದನಾ? ಅದೂ ಇಲ್ಲ. ನೀವು ಅನ್ನಲಿಲ್ಲ, ನೀನು ಅನ್ನಲಿಲ್ಲ, ಹೆಸರು ಹಿಡಿಯಲಿಲ್ಲ.

"ಈ ಕುರ್ಚಿ ಖಾಲಿನಾ?"

"ಕ್ಲಾಸಿಗೆ ಹೊರಟಿದ್ದಾ?"

"ಊಟ ಆಯ್ತಾ?"

ನಮ್ಮ ಭಾಷೆಯಲ್ಲಿ ಇದೊಂದು ಸೌಕರ್ಯ ಇದೆ. ಮನಸ್ಸು ಮಾಡಿದರೆ ಎದುರಿಗೆ ನಿಂತವರನ್ನು ಏನೂ ಅಂತ ಕರೆಯದೆ ವರ್ಷಗಟ್ಟಲೆ ಮಾತಾಡಬಹುದು. ಜಗಳವಾಡಿದ ಓರಗಿತ್ತಿಯರು, ಹೊಸ ಅಳಿಯಂದಿರು, ತಮಗಿಂತ ಚಿಕ್ಕ ವಯಸ್ಸಿನ ಮಾವ ಇರುವವರು, ಎಲ್ಲ ಹೀಗೇ ಕಾಲ ತಳ್ಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಈ ಹುಡುಗನಿಗೆ ಹಾವು ಯಾವುದು, ಕೋಲು ಯಾವುದು ಅನ್ನುವುದು ಅವಳಿಗೆ ಅರ್ಥವಾಗಲಿಲ್ಲ.

ಕೋಣೆಯ ಗೆಳತಿ ರೇಡಿಯೋ ಇದನ್ನು ಮೊದಲು ಬಾಯಿಬಿಟ್ಟು ಹೇಳಿದಳು. ಹಾಸಿಗೆಯಿಂದ ಎದ್ದರೆ ಮತ್ತೆ ಮಲಗುವವರೆಗೂ ಪ್ರಸಾರ ನಿಲ್ಲಿಸದ ಹುಡುಗಿ ಅವಳು, ಅದಕ್ಕೇ ಆ ಹೆಸರು.

"ಅಕ್ಕಾ, ಊಟ ಆಯ್ತಾ ಅಂತ ಕೇಳ್ದ ಅವನು. ಯಾರ್ದು ಊಟ? ನಂದಾ, ನಿಂದಾ, ಊರೋರ್ದಾ?"

"ಇಬ್ರದ್ದೂ ಇರಬೇಕು ಬಿಡೇ."

"ನಾನು ಅವನ ಎದುರಿಗೇ ತಟ್ಟೆ ಹಿಡ್ಕೊಂಡು ನಿಂತಿದ್ದೆ. ನನ್ನ ಕಡೆ ಕಣ್ಣೆತ್ತಿ ನೋಡ್ಲಿಲ್ಲ. ಒಂದೋ ನಿನ್ನ ಕಂಡ್ರೆ ಅವನಿಗೆ ಆಗಲ್ಲ, ಇಲ್ಲಾಂದ್ರೆ ಬೇರೆ ಏನೋ ಇದೆ."

"ಮೊದಲ ದಿನ ನನ್ನಿಂದ ಎಲ್ಲರ ಮುಂದೆ ನಗೆಪಾಟಲಾದ. ಆ ಸಿಟ್ಟು."

"ಸಿಟ್ಟಿರೋರು ಊಟ ಆಯ್ತಾ ಅಂತ ದಿನಾ ಕೇಳ್ತಾರಾ?"



ಒಂದು ಮಧ್ಯಾಹ್ನ ಅವಳು ಲೈಬ್ರರಿಯ ಕಿಟಕಿ ಪಕ್ಕ ಕೂತಿದ್ದಾಗ ಅವನು ಬಂದು ಮೇಜಿನ ಎದುರು ನಿಂತ. ಒಂದು ಕೈಯಲ್ಲಿ ಕನ್ನಡಕ, ಇನ್ನೊಂದು ಕೈಯಲ್ಲಿ ಅದರ ಕಡ್ಡಿ.

"ಇದು ಸರಿ ಹೋಗುತ್ತಾ?"

ಅವಳ ಅಪ್ಪನದು ಕನ್ನಡಕದ ಅಂಗಡಿ. ಅಪ್ಪನ ಬಲಗೈಗೆ ನಡುಕ ಬಂದಾಗ ಮೂರು ವರ್ಷ ಅಂಗಡಿ ನಡೆಸಿದವಳು ಇವಳು, ಕಾಲೇಜಿಗೆ ತಡವಾಗಿ ಬಂದದ್ದೂ ಅದಕ್ಕೇ. ಆ ದೊಡ್ಡ ಬ್ಯಾಗಿನ ಒಳಜೇಬಿನಲ್ಲಿ ಈಗಲೂ ಬೆರಳುದ್ದದ ಸ್ಕ್ರೂಡ್ರೈವರ್ ಇರುತ್ತದೆ.

"ಇಲ್ಲಿ ಕೊಡು. ಸ್ಕ್ರೂ ಬಿದ್ದೋಯ್ತಾ?"

ಅವನು ಅಂಗಿ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. ಅದರೊಳಗೆ ಸ್ಕ್ರೂ ಇತ್ತು. ಬಿದ್ದುಹೋದ ಸ್ಕ್ರೂವನ್ನು ಯಾರೂ ಹೀಗೆ ನಾಲ್ಕು ಮಡಿಕೆ ಹಾಕಿದ ಕಾಗದದಲ್ಲಿ ಕಟ್ಟಿಕೊಂಡು ಬರುವುದಿಲ್ಲ. ಮೇಲಾಗಿ ಅದರ ತಲೆಯ ಮೇಲೆ ಹೊಸ ಗೀರು ಇತ್ತು. ಚಾಕುವಿನ ತುದಿಯಿಂದ ಬಿಚ್ಚಿದರೆ ಬೀಳುವ ಗೀರು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ಏನನ್ನೋ ನೋಡುತ್ತಿದ್ದ. ಅಲ್ಲಿ ಒಂದು ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಅವಳು ಕಡ್ಡಿ ಜೋಡಿಸಿ, ಸ್ಕ್ರೂ ತಿರುಗಿಸಿ, ಗಾಜು ಒರೆಸಿ, "ಬಗ್ಗು" ಅಂದಳು. ಅವನು ಬಗ್ಗಿದ. ಅಂಗಡಿಯಲ್ಲಿ ಎಷ್ಟು ಮುಖಕ್ಕೆ ಕನ್ನಡಕ ಹಾಕಿದ್ದಳೋ, ಒಂದು ದಿನವೂ ಬೆರಳು ತಡವರಿಸಿರಲಿಲ್ಲ. ಇವತ್ತು ತಡವರಿಸಿತು. ಇಷ್ಟು ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗಳು ಗಾಜಿಗೆ ತಾಗುವಷ್ಟು ಉದ್ದವಿದ್ದವು.

"ಈಗ ಹೇಗಿದೆ?"

"ಎಡಗಡೆ ಸ್ವಲ್ಪ ಬಿಗಿ."

ಅವಳು ಅವನ ಎಡಗಿವಿಯ ಹಿಂದೆ ಬೆರಳಿಟ್ಟು ಕಡ್ಡಿ ಸಡಿಲಿಸಿದಳು.

"ಈಗ?"

"ಈಗ ಬಲಗಡೆ."

"ಈಗ?"

"ಮತ್ತೆ ಎಡಗಡೆ."

"ಕನ್ನಡಕ ಸರಿಯಾಗೇ ಇದೆ ಮಾರಾಯ, ನಿನ್ನ ಕಿವೀನೇ ಸರಿ ಇಲ್ಲ." ಅವಳಿಗೆ ನಗು ಬಂತು. "ಸರಿಯಾಗಿ ಕಾಣ್ತಿದ್ಯಾ?"

"ದೂರದ್ದು ಈಗ ಕಾಣ್ತಿದೆ," ಅಂದ ಅವನು. "ಹತ್ತಿರದ್ದು ಮೊದಲಿಂದಲೂ ಕಾಣ್ತಿತ್ತು."

ಹೊರಡುವಾಗ ಬಾಗಿಲಲ್ಲಿ ನಿಂತು "ಥ್ಯಾಂಕ್ಸ್" ಅಂದ. ಅದರ ಮುಂದೆ ಒಂದು ಮಾತು ಬರಬೇಕಿತ್ತು. ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ರೀ, ಥ್ಯಾಂಕ್ಸ್ ಕಣೇ, ಏನೋ ಒಂದು. ಅವನು ಅಷ್ಟು ಜಾಗ ಖಾಲಿ ಬಿಟ್ಟು ಹೋದ. ಆ ದಿನವೆಲ್ಲ ಅವಳು ಓದಿದ್ದು ಒಂದೇ ಪುಟ.

ಆಮೇಲೆ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅವಳು ಓದುತ್ತಿದ್ದದ್ದು ಭಾಷಾಶಾಸ್ತ್ರ. ಒಂದು ದಿನ ಪಾಠ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, ಏನೋ ಪರೀಕ್ಷೆಗೆ ಬೇಕಾದ ಪ್ರಶ್ನೆ ಅನ್ನುವ ಮುಖ ಮಾಡಿಕೊಂಡು ಕೇಳಿದಳು.

"ಮೇಡಂ, ಒಬ್ರು ಇನ್ನೊಬ್ರನ್ನ ಏನೂ ಅಂತ ಕರೀದೆ ಮಾತಾಡ್ತಾರಲ್ಲ, ಅದು ಯಾಕೆ?"

ಮೇಡಂ ಡಸ್ಟರ್ ಕೆಳಗಿಟ್ಟರು. "ಎರಡು ಕಾರಣ ಇರುತ್ತೆ. ಒಂದು, ಆ ಮನುಷ್ಯರಿಗೆ ನಮ್ಮ ಬದುಕಲ್ಲಿ ಜಾಗ ಇಲ್ಲ ಅಂತ. ಇನ್ನೊಂದು, ಜಾಗ ಇದೆ, ಯಾವ್ದು ಅಂತ ಹೇಳೋಕೆ ಧೈರ್ಯ ಇಲ್ಲ ಅಂತ."

"ಯಾವ್ದು ಅಂತ ಹೇಗೆ ಗೊತ್ತಾಗುತ್ತೆ?"

"ಅದು ಸಿಲಬಸ್ಸಲ್ಲಿಲ್ಲ," ಅಂದರು ಮೇಡಂ, ಅವಳ ಮುಖವನ್ನೇ ನೋಡುತ್ತ.

ಎರಡನೇ ವರ್ಷ ಮುಗಿಯುತ್ತ ಬಂತು. ಈ ಕಾಲೇಜಿನಲ್ಲಿ ಒಂದು ಪದ್ಧತಿ. ಕೊನೆಯ ವರ್ಷದ ಪ್ರಬಂಧವನ್ನು ಒಬ್ಬರೇ ಬರೆಯುವ ಹಾಗಿಲ್ಲ. ಬೇರೆ ಬೇರೆ ವಿಷಯದ ಇಬ್ಬರು ಸೇರಿ, ವರ್ಷವಿಡೀ ಒಂದೇ ಮೇಜಿನಲ್ಲಿ ಕೂತು, ಒಂದೇ ಪ್ರಬಂಧ ಬರೆಯಬೇಕು. ಜೊತೆ ಯಾರು ಅನ್ನುವುದನ್ನು ಆಫೀಸಿನಲ್ಲಿ ಬರೆದುಕೊಡುವುದಲ್ಲ. ಊಟದ ಹಾಲಿನಲ್ಲಿ ಎಲ್ಲರ ಎದುರು ಎದ್ದು ನಿಂತು, ಹೆಸರು ಹಿಡಿದು ಕೇಳಬೇಕು. ಅವರು ಅಲ್ಲೇ ಉತ್ತರ ಹೇಳಬೇಕು. ಅದಕ್ಕೆ 'ಕೇಳುವ ದಿನ' ಅಂತಲೇ ಹೆಸರು. ಮದುವೆಗೆ ಹೆಣ್ಣು ಕೇಳುವುದು ಇದಕ್ಕಿಂತ ಸುಲಭ ಅಂತ ಹಳೆಯ ವಿದ್ಯಾರ್ಥಿಗಳು ಹೇಳುತ್ತಿದ್ದರು.

ಆ ವಾರ ಕಾರಿಡಾರಿನಲ್ಲಿ ಯಾವ ಗುಂಪಿನ ಪಕ್ಕ ಹಾದರೂ ಅವಳ ಕಿವಿಗೆ ಒಂದೇ ಮಾತು ಬೀಳುತ್ತಿತ್ತು. "ಟೆನ್ಶನ್ ಯಾಕೋ, ಯಾರೂ ಸಿಗದಿದ್ರೆ ಅಕ್ಕ ಇದ್ದಾಳಲ್ಲ."

ಪ್ರೀತಿಯಿಂದಲೇ ಹೇಳುತ್ತಿದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು. ಅವಳಿಗೆ ಬೇಕಾಗಿದ್ದು ಇಷ್ಟೇ: ಉಳಿದವರಿಗೆಲ್ಲ ಜೊತೆ ಸಿಕ್ಕಿದ ಮೇಲೆ ಮಿಕ್ಕವಳು ಅಂತ ಅಲ್ಲ, ಬೇಕು ಅಂತ ಒಬ್ಬರು ತನ್ನನ್ನು ಕೇಳಬೇಕು. ಒಬ್ಬರು ಅಂದರೆ ಯಾರು ಅನ್ನುವುದನ್ನು ತನ್ನ ಮನಸ್ಸಿಗೂ ಹೇಳಿಕೊಳ್ಳುವುದಕ್ಕೆ ಹೆದರುತ್ತಿದ್ದಳು. ಅವನು ಕೇಳದಿದ್ದರೆ ಒಂದು ವರ್ಷ ಅವನು ಬೇರೆ ಯಾರದೋ ಮೇಜಿನಲ್ಲಿ ಕೂರುತ್ತಾನೆ, ಆಮೇಲೆ ಎಲ್ಲರೂ ಎಲ್ಲಿಯವರೋ ಅಲ್ಲಿಗೆ.

ಅಷ್ಟರಲ್ಲಿ ರೇಡಿಯೋ ವಾರ್ತೆ ತಂದಳು. "ಲೆಕ್ಕ ಸಂಗೀತದ ಹುಡುಗಿ ಜೊತೆ ಬರೀತಾನಂತೆ. ತಾಳ, ಲೆಕ್ಕ, ಏನೋ ಸೇರಿಸಿ. ನಿನ್ನೆ ಇಬ್ರೂ ಒಂದು ಗಂಟೆ ಮಾತಾಡ್ತಿದ್ರು."

"ಬರೀಲಿ. ನನಗೇನು?"

"ನಿನಗೇನೂ ಇಲ್ಲ ಅಂತಾನೇ ಹೇಳಿದ್ದು. ಆ ಬಾಚಣಿಗೆ ಹಲ್ಲು ಮುರೀಬೇಡ, ಅದು ನಂದು."

ಮನಸ್ಸು ಕೆಟ್ಟಾಗ ಬುದ್ಧಿ ಮೊದಲು ಕೆಡುತ್ತದೆ. ಅವನನ್ನು ಪರೀಕ್ಷೆ ಮಾಡಿಯೇ ಬಿಡೋಣ ಅಂತ ಅವಳು ತೀರ್ಮಾನಿಸಿದಳು. ಮಾರನೆಯ ಮಧ್ಯಾಹ್ನ ಊಟದ ಹಾಲಿನಲ್ಲಿ ಅವನು ಎದುರು ಸಾಲಿನಲ್ಲಿ ಕೂತಿದ್ದ. ಅವಳು ತಟ್ಟೆಯಿಂದ ಕಣ್ಣೆತ್ತದೆ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಅಂದಳು:

"ತಮ್ಮಾ, ಆ ಉಪ್ಪು ಸ್ವಲ್ಪ ಈ ಕಡೆ ಕೊಡಪ್ಪ."

ಅವನು ಬೆಚ್ಚಬೇಕು, ಬೇಡ ಅನ್ನಬೇಕು, ನಾನ್ಯಾವ ತಮ್ಮ ಅನ್ನಬೇಕು ಅಂತ ಅವಳ ಆಸೆ. ಅವನು ಉಪ್ಪಿನ ಡಬ್ಬಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟು, ಅರ್ಧ ಉಂಡ ತಟ್ಟೆ ತೆಗೆದುಕೊಂಡು ಎದ್ದು ಹೋದ. ಅವಳು ಕೇಳಿದ ಮೇಲೆ ಬಿಡಬಾರದಲ್ಲ ಅಂತ ಉಪ್ಪು ಹಾಕಿಕೊಂಡಳು. ಊಟ ಬಾಯಿಗಿಡಲಾಗಲಿಲ್ಲ.

ಮರುದಿನ ಲೈಬ್ರರಿಯಲ್ಲಿ ಅವಳೇ ಮಾತು ತೆಗೆದಳು. "ಆ ತರ್ಕದ ಪುಸ್ತಕ ಓದಿ ಆಯ್ತಾ? ನನಗೂ ಬೇಕಿತ್ತು."

"ಇಲ್ಲ ಅಕ್ಕ," ಅಂದ ಅವನು. "ನಾಳೆ ಕೊಡ್ತೀನಿ ಅಕ್ಕ."

ಅಷ್ಟು ದಿನದಲ್ಲಿ ಬಾರದೆ ಇದ್ದದ್ದು ಒಂದೇ ಉಸಿರಿಗೆ ಎರಡು ಸಲ ಬಂತು. ಕೊಂಕಿಲ್ಲ, ಸಿಟ್ಟಿಲ್ಲ. ಇವಳೇ ತೋರಿಸಿದ ತಮ್ಮನ ಜಾಗದಲ್ಲಿ ಅವನು ವಿನಯದಿಂದ ಕೂತಿದ್ದ. ಎಲ್ಲರೂ ದಿನಕ್ಕೆ ನೂರು ಸಲ ಕರೆಯುವ ಹೆಸರು ಅವನ ಬಾಯಲ್ಲಿ ಬಂದಾಗ ಅವಳಿಗೆ ಎದೆಯಲ್ಲಿ ಏನೋ ಕಿತ್ತ ಹಾಗಾಯಿತು. ಆಗ ಗೊತ್ತಾಯಿತು, ತಾನು ಇವನನ್ನು ಎಷ್ಟು ಪ್ರೀತಿಸುತ್ತಿದ್ದೇನೆ ಅಂತ. ಗೊತ್ತಾಗುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ. ಆದರೆ ಅವನಿಗೆ ನೋವಾಗಿದೆಯೋ, ಇಲ್ಲ ಒಂದು ಗೊಂದಲ ಕಳೆಯಿತು ಅಂತ ಹಗುರವಾಗಿದ್ದಾನೋ, ಅದು ಮಾತ್ರ ತಿಳಿಯಲಿಲ್ಲ.

ಸಂಜೆ ಅಪ್ಪ ಫೋನ್ ಮಾಡಿದರು. ಅಂಗಡಿಗೆ ಹೊಸ ಫ್ರೇಮು ಬಂದ ಸುದ್ದಿ, ಅಮ್ಮನ ಮಂಡಿನೋವು, ಎಲ್ಲ ಆಯಿತು.

"ಯಾಕೆ ಪುಟ್ಟಿ, ದನಿ ಸಪ್ಪಗಿದೆ?"

"ಏನಿಲ್ಲಪ್ಪ. ಅಮ್ಮ ನಿಮ್ಮನ್ನ ಮೊದಲು ಏನಂತ ಕರೀತಿದ್ರು?"

ಅಪ್ಪ ನಕ್ಕರು. "ಏನೂ ಅಂತ ಇಲ್ಲ. ಕನ್ನಡಕ ಮಾಡಿಸೋಕೆ ಬಂದೋಳು, ವಾರಕ್ಕೊಂದು ಸಲ ಅಂಗಡಿ ಬಾಗಿಲಲ್ಲಿ ನಿಂತು 'ಕನ್ನಡಕ ರೆಡಿ ಆಯ್ತಾ' ಅನ್ನೋಳು. ರೀ ಅಂತಿಲ್ಲ, ಅಣ್ಣ ಅಂತಿಲ್ಲ, ಸಾರ್ ಅಂತಿಲ್ಲ."

"ನೀವು ತಡ ಮಾಡ್ತಿದ್ರಾ?"

"ಕನ್ನಡಕ ಕೊಟ್ಟು ಆರು ತಿಂಗಳಾಗಿತ್ತು ಪುಟ್ಟಿ. ಅದನ್ನ ಹಾಕ್ಕೊಂಡೇ ಬಂದು ಕೇಳೋಳು."

ಹಿಂದಿನಿಂದ ಅಮ್ಮ "ಮಕ್ಕಳ ಹತ್ರ ಏನೇನು ಹೇಳ್ಬೇಕು ಅನ್ನೋ ಜ್ಞಾನ ಬೇಡ್ವಾ" ಅಂತ ಬೈದದ್ದು ಕೇಳಿಸಿತು. ಈಗಲೂ ಯಾರನ್ನು ಅಂತ ಹೇಳದೆ. ಫೋನ್ ಇಟ್ಟ ಮೇಲೆ ಅವಳು ನಾಲ್ಕು ಮಡಿಕೆಯ ಕಾಗದದ ಪೊಟ್ಟಣವನ್ನು ನೆನೆಸಿಕೊಂಡು ಬಹಳ ಹೊತ್ತು ಕೂತಿದ್ದಳು.

ಕೇಳುವ ದಿನ ಬಂತು. ಹಾಲಿನಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಎಲ್ಲರೂ ದೊಡ್ಡ ಸರ್ ಅನ್ನುವ ಪ್ರಿನ್ಸಿಪಾಲರು ಮುಂದೆ ನಿಂತಿದ್ದರು. ಒಬ್ಬೊಬ್ಬರೇ ಎದ್ದು ಕೇಳಿದರು, ಒಪ್ಪಿದವರಿಗೆ ಚಪ್ಪಾಳೆ, ಒಪ್ಪದವರಿಗೆ ಇನ್ನೂ ಜೋರು ಚಪ್ಪಾಳೆ. ಅವನ ಸರದಿ ಬಂದಾಗ ಅವನು ಎದ್ದು, "ನಾನು ಯಾರನ್ನೂ ಕೇಳೋದಿಲ್ಲ ಸರ್. ಉಳಿದೋರ ಜೊತೆ ಬರೀತೀನಿ" ಅಂದು ಕೂತ. ಹಾಲಿನಲ್ಲಿ ಗುಸುಗುಸು ಎದ್ದಿತು.

ಅದೇ ಹೊತ್ತಿಗೆ ಸಂಗೀತದ ಹುಡುಗಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

ಅವಳು ಎದ್ದದ್ದು ನೀರು ತರುವುದಕ್ಕೆ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಗಳಿಗೆಯಲ್ಲಿ ಇವಳಿಗೆ ಅದೆಲ್ಲ ತಿಳಿಯುವ ಸ್ಥಿತಿ ಇರಲಿಲ್ಲ. ಸರದಿ ಇಲ್ಲದೆ, ಯೋಚನೆ ಇಲ್ಲದೆ ಇವಳೂ ಎದ್ದು ನಿಂತುಬಿಟ್ಟಳು. ನಿಂತ ಮೇಲೆ ಸಮಸ್ಯೆ. ಅವನನ್ನು ಏನಂತ ಕರೆಯುವುದು? ಲೆಕ್ಕ ಅಂದರೆ ತಮಾಷೆಯಾಗುತ್ತದೆ. ಹೆಸರು ಹಿಡಿದು ನೀನು ಅಂದರೆ ಅಕ್ಕ ಕರೆದ ಹಾಗಾಗುತ್ತದೆ. ಅವನಿಗೆ ಇಷ್ಟು ದಿನ ಆದ ಕಷ್ಟ ಏನು ಅನ್ನುವುದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಅವಳು ಎದುರಿನ ಗೋಡೆ ನೋಡುತ್ತ, ಅವನ ಭಾಷೆಯಲ್ಲೇ ಕೇಳಿದಳು.

"ಮುಂದಿನ ವರ್ಷ ನನ್ನ ಜೊತೆ ಪ್ರಬಂಧ ಬರೆಯೋದಕ್ಕೆ ಆಗುತ್ತಾ?"

ದೊಡ್ಡ ಸರ್ ಅತ್ತಿತ್ತ ನೋಡಿದರು. "ಯಾರನ್ನಮ್ಮಾ ಕೇಳ್ತಿರೋದು?"

"ಕೇಳಬೇಕಾದೋರಿಗೆ ಕೇಳಿಸಿದೆ ಸರ್." ಅವಳ ದನಿ ನಡುಗುತ್ತಿತ್ತು, ಆದರೂ ಬಿಡಲಿಲ್ಲ. "ಆ ಸ್ಕ್ರೂ ಬೇಕಂತಲೇ ಬಿಚ್ಚಿದ್ದು ಅಂತ ಆವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದದ್ದು ತಪ್ಪಾಯ್ತು. ಉಪ್ಪು ಕೇಳಿದ್ದೂ ತಪ್ಪಾಯ್ತು. ಆವತ್ತು ಬಾಯಿಗೆ ಬಂದದ್ದು ಮನಸ್ಸಿಂದ ಬಂದಿದ್ದಲ್ಲ."

ಹಾಲಿನಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. "ಯಾವ ಸ್ಕ್ರೂ?" ಅಂತ ಯಾರೋ ಕೇಳಿದರು. ರೇಡಿಯೋ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದಳು.

ಮೂರನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಆಗುತ್ತೆ," ಅಂದ ಅವನು.

"ಇದೇನಯ್ಯ, ಕೇಳಿದ್ದು ಯಾರಿಗೋ, ಹೇಳೋನು ಯಾರೋ," ಅಂದರು ದೊಡ್ಡ ಸರ್. "ನಿಯಮ ನಿಯಮಾನೇ. ಹೆಸರು ಹಿಡಿದು ಕೇಳದಿದ್ರೆ ನಾನು ಒಪ್ಪಲ್ಲ."

"ಹಾಗಾದ್ರೆ ನಾನೇ ಕೇಳ್ತೀನಿ ಸರ್."

ಅವನು ಕನ್ನಡಕ ಸರಿಮಾಡಿಕೊಂಡು ಅವಳ ಹೆಸರು ಹೇಳಿದ. ಅಕ್ಕ ಅಲ್ಲ. ಅಪ್ಪ ಅಮ್ಮ ಇಟ್ಟ, ಈ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಬಿಟ್ಟರೆ ಯಾರೂ ಎತ್ತದ ಹೆಸರು. ಒಂದಕ್ಷರ ತಪ್ಪದೆ, ಎಷ್ಟೋ ಸಲ ಒಳಗೊಳಗೇ ಹೇಳಿ ರೂಢಿ ಮಾಡಿಕೊಂಡವನ ಹಾಗೆ ಹೇಳಿದ. ಅರ್ಧ ಸಭೆ "ಅದ್ಯಾರು?" ಅಂತ ಹಿಂದಕ್ಕೆ ತಿರುಗಿ ಹುಡುಕಿತು.

ಅವಳು ಹೂಂ ಅಂದಳು. ಅದು ಯಾರಿಗೂ ಕೇಳಿಸದೆ ಮತ್ತೊಮ್ಮೆ ಹೇಳಬೇಕಾಯಿತು. "ಅಕ್ಕ ಲೆಕ್ಕಕ್ಕೆ ಬಂದ್ಲಪ್ಪೋ" ಅಂತ ರೇಡಿಯೋ ಕೂಗಿದ್ದು ಮಾತ್ರ ಗೇಟಿನವರೆಗೂ ಕೇಳಿಸಿತು.

ಎಲ್ಲ ಮುಗಿದ ಮೇಲೆ ಇಬ್ಬರೂ ಹಾಲಿನ ಹಿಂದಿನ ಮೆಟ್ಟಿಲ ಮೇಲೆ ಕೂತರು. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಸಂಗೀತದವಳ ಜೊತೆ ಒಂದು ಗಂಟೆ ಏನು ಮಾತಾಡಿದ್ದು?" ಅವಳು ಕೇಳಿದಳು.

"ಎಲ್ಲರ ಮುಂದೆ ಎದ್ದು ನಿಂತಾಗ ದನಿ ನಡುಗದ ಹಾಗೆ ಏನು ಮಾಡ್ಬೇಕು ಅಂತ ಕೇಳ್ತಿದ್ದೆ. ಆಮೇಲೆ ಉಪ್ಪು ಬಂತು."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ನನ್ನನ್ನ ಏನೂ ಅಂತ ಯಾಕೆ ಕರೀಲಿಲ್ಲ?"

"ನೀವು ಅಂದ್ರೆ ದೂರ ಆಗುತ್ತೆ. ಇನ್ನೊಂದು ಅನ್ನೋಕೆ ನಾನ್ಯಾರು ಅನ್ನಿಸ್ತಿತ್ತು. ಅಕ್ಕ ಅನ್ನೋಕಂತೂ..." ಅವನು ಮೆಟ್ಟಿಲ ಮೇಲಿನ ಒಂದು ಕಡ್ಡಿ ಎತ್ತಿ ಮುರಿದ. "ಆವತ್ತು ಎರಡು ಸಲ ಅಂದೆನಲ್ಲ, ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡೆ."

"ಮೂರು ವರ್ಷ ದೊಡ್ಡವಳು ನಾನು. ನಿಮ್ಮ ಮನೇಲಿ ಏನಂತಾರೋ, ನಮ್ಮ ಮನೇಲಿ ಏನಂತಾರೋ, ನನಗೊಂದೂ ತಿಳೀತಿಲ್ಲ."

"ನನಗೂ ತಿಳೀತಿಲ್ಲ."

"ಮತ್ತೆ?"

"ಪ್ರಬಂಧಕ್ಕೆ ಒಂದು ವರ್ಷ ಇದೆಯಲ್ಲ," ಅಂದ ಅವನು. "ಏಕವಚನ, ಬಹುವಚನ ಅಂತ ಬರೆಯೋಣ. ಅರ್ಧ ಭಾಷೆ, ಅರ್ಧ ಲೆಕ್ಕ."

ಅವನ ಕನ್ನಡಕ ಮೂಗಿನ ಮೇಲೆ ಜಾರಿತ್ತು. ಅವಳು ಕೈ ಚಾಚಿ ಅದನ್ನು ಮೇಲಕ್ಕೆ ಸರಿಸಿದಳು. ಎಡಗಡೆ ಬಿಗಿ ಅಂತ ಅವನು ಹೇಳಲಿಲ್ಲ. ಅವಳ ಬೆರಳನ್ನು ಕಿವಿಯ ಹತ್ತಿರವೇ ಹಿಡಿದುಕೊಂಡ. ಒಳಗೆ ಹಾಲಿನಲ್ಲಿ ಮೇಜುಗಳನ್ನು ಮತ್ತೆ ಜಾಗಕ್ಕೆ ಎಳೆಯುತ್ತಿದ್ದರು, ತಟ್ಟೆ ಇಡುತ್ತಿದ್ದರು.

"ಊಟ ಆಯ್ತಾ?" ಅಂದ ಅವನು, ಅಭ್ಯಾಸದಂತೆ.

ಅವಳು ಅವನನ್ನೇ ನೋಡಿದಳು. "ಯಾರ್ದು?"

ಅವನ ಕಿವಿ ಮೊದಲ ದಿನದ ಹಾಗೆ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವಳು ಕಾದಳು.

"ನಿಂದು."